ಹೆಣಿಗೆಯ ಲೆಕ್ಕ: ನೂಲು, ಗೇಜ್ ಮತ್ತು ತೂಕದ ಬಗ್ಗೆ ಓದುಗರ ಪ್ರಶ್ನೆಗಳು

ಚಳಿಗಾಲ ಹತ್ತಿರವಾದಂತೆ ಸ್ವೆಟರ್ ಹೆಣಿಗೆಯ ಬಗ್ಗೆ ಅನೇಕ ಪತ್ರಗಳು ಬಂದಿವೆ. ಇವುಗಳಲ್ಲಿ ಹೆಚ್ಚಿನವು ಚಿತ್ತಾರದ ಬಗ್ಗೆ ಅಲ್ಲ, ಅಳತೆ ಮತ್ತು ನೂಲಿನ ಪ್ರಮಾಣದ ಬಗ್ಗೆ ಕೇಳಿದವು. ಒಂದೇ ವಿಷಯವನ್ನು ಕೇಳಿದ ಪತ್ರಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಸೀದಾ ಮತ್ತು ಉಲ್ಟಾ ಹೆಣಿಗೆ ಎರಡನ್ನೂ ಕಲಿತಿದ್ದೇನೆ. ಮೊದಲ ಸ್ವೆಟರಿಗೆ ಯಾವ ನೂಲು ಕೊಳ್ಳಬೇಕು? ಅಂಗಡಿಯವರು 4 ಪ್ಲೈ, ಡಬಲ್ ನಿಟ್ಟಿಂಗ್ ಎಂದೆಲ್ಲ ಹೇಳುತ್ತಾರೆ. ಅಪ್ಪಟ ಉಣ್ಣೆಯೇ ಬೇಕೆ?
— ಓದುಗರು, ಹಾಸನ

ಉತ್ತರ: ಮೊದಲ ಸ್ವೆಟರಿಗೆ ನುಣುಪಾದ, ತಿಳಿ ಬಣ್ಣದ, ಮಧ್ಯಮ ದಪ್ಪದ ನೂಲನ್ನು ಆರಿಸಿಕೊಳ್ಳಿ. ಕಪ್ಪು ಅಥವಾ ಕಡುನೀಲಿ ನೂಲಿನಲ್ಲಿ ಸಂಜೆಯ ಬೆಳಕಿಗೆ ಕುಣಿಕೆಗಳು ಕಾಣಿಸುವುದಿಲ್ಲ. ರೋಮ ಹೆಚ್ಚಿರುವ ನೂಲಿನಲ್ಲಿ ತಪ್ಪಾದ ಸಾಲನ್ನು ಬಿಚ್ಚುವುದು ಬಹಳ ಕಷ್ಟ. ಕಲಿಯುವವರು ಹೆಣೆಯುವಷ್ಟೇ ಬಿಚ್ಚುತ್ತಾರೆ. ಆದ್ದರಿಂದ ಸುಲಭವಾಗಿ ಬಿಚ್ಚಲು ಬರುವ ನೂಲೇ ಅವರಿಗೆ ಒಳ್ಳೆಯದು.

ಪ್ಲೈ ಎಂದರೆ ನೂಲಿನಲ್ಲಿ ಒಟ್ಟಿಗೆ ಹುರಿ ಮಾಡಿರುವ ಎಳೆಗಳ ಸಂಖ್ಯೆ. ಎಳೆಗಳೇ ತೆಳುವಾಗಿದ್ದರೆ ನಾಲ್ಕು ಎಳೆಯ ನೂಲೂ ತೆಳುವಾಗಿರುತ್ತದೆ. ಎಳೆಗಳು ದಪ್ಪವಾಗಿದ್ದರೆ ಎರಡೇ ಎಳೆಯ ನೂಲೂ ದಪ್ಪವಾಗಿರುತ್ತದೆ. ಆದರೂ ಇಂಗ್ಲೆಂಡಿನ ರೂಢಿಯನ್ನು ಅನುಸರಿಸಿ ನಮ್ಮಲ್ಲಿಯೂ 4 ಪ್ಲೈ ಎಂಬುದನ್ನು ಒಂದು ದಪ್ಪದ ಹೆಸರಾಗಿ ಬಳಸುತ್ತಾರೆ. ಸಾಮಾನ್ಯವಾಗಿ 4 ಪ್ಲೈ ನೂಲನ್ನು 3.25 ಮಿಲಿಮೀಟರ್ ದಪ್ಪದ ಕಡ್ಡಿಯಲ್ಲಿ, ಒಂದು ಸಾಲು ಸೀದಾ ಒಂದು ಸಾಲು ಉಲ್ಟಾ ಹೆಣೆದರೆ 10 ಸೆಂಟಿಮೀಟರಿಗೆ 28 ಕುಣಿಕೆಗಳು ಬರುತ್ತವೆ. ಡಬಲ್ ನಿಟ್ಟಿಂಗ್ ನೂಲು ಅದಕ್ಕಿಂತ ದಪ್ಪ; 4 ಮಿಲಿಮೀಟರ್ ಕಡ್ಡಿಯಲ್ಲಿ 22 ಕುಣಿಕೆ, 28 ಸಾಲು ಬರುತ್ತವೆ. ಅರಾನ್ ಎಂಬುದು ಇನ್ನೂ ದಪ್ಪ. 5 ಮಿಲಿಮೀಟರ್ ಕಡ್ಡಿಯಲ್ಲಿ 18 ಕುಣಿಕೆ. ನಿಮಗೆ ಡಬಲ್ ನಿಟ್ಟಿಂಗ್ ಸರಿಹೊಂದುತ್ತದೆ. ಕೆಲಸ ಬೇಗ ಸಾಗುತ್ತದೆ, ಬಟ್ಟೆಯೂ ಒರಟಾಗಿ ಕಾಣುವುದಿಲ್ಲ.

ಇನ್ನು ಉಣ್ಣೆಯ ವಿಚಾರ. ನಮ್ಮ ಅಂಗಡಿಗಳಲ್ಲಿ ಉಲ್ಲನ್ ಎಂದು ಕೇಳಿದಾಗ ಕೈಗೆ ಬರುವುದು ಬಹುಪಾಲು ಅಕ್ರಿಲಿಕ್ ನೂಲು. ಪಂಜಾಬಿನ ಲೂಧಿಯಾನದ ಗಿರಣಿಗಳಿಂದ ಬರುವ ಉಂಡೆಗಳಲ್ಲಿ ಶುದ್ಧ ಅಕ್ರಿಲಿಕ್, ಉಣ್ಣೆ ಬೆರೆತದ್ದು, ಶುದ್ಧ ಉಣ್ಣೆ ಮೂರೂ ಇರುತ್ತವೆ. ಆದ್ದರಿಂದ ಹೊದಿಕೆಯ ಮೇಲಿನ ವಿವರವನ್ನು ಓದಿಯೇ ಕೊಳ್ಳಬೇಕು. ಅಕ್ರಿಲಿಕ್ ಅಗ್ಗ, ಯಂತ್ರದಲ್ಲಿ ಒಗೆಯಬಹುದು, ನುಸಿ ಹಿಡಿಯುವುದಿಲ್ಲ; ಆದರೆ ಬೆವರನ್ನು ಹೀರುವುದಿಲ್ಲ, ಬಿಸಿ ಇಸ್ತ್ರಿ ತಗುಲಿದರೆ ಸತ್ತಂತೆ ಚಪ್ಪಟೆಯಾಗುತ್ತದೆ, ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟುತ್ತದೆ. ಒಲೆಯ ಮುಂದೆ ಕೆಲಸ ಮಾಡುವಾಗ ತೊಡುವ ಸ್ವೆಟರಿಗೆ ನಾನು ಅದನ್ನು ಹೇಳುವುದಿಲ್ಲ. ಉಣ್ಣೆ ತನ್ನ ತೂಕದ ಸುಮಾರು 30 ಪ್ರತಿಶತದಷ್ಟು ತೇವವನ್ನು ಹೀರಿಕೊಂಡರೂ ಮೈಗೆ ಒದ್ದೆ ಎನಿಸುವುದಿಲ್ಲ, ಬೆಂಕಿಯನ್ನೂ ಸುಲಭವಾಗಿ ಹಿಡಿಯುವುದಿಲ್ಲ. ಆದರೆ ಬಿಸಿನೀರಿನಲ್ಲಿ ಹಾಕಿ ಉಜ್ಜಿದರೆ ಅದರ ಎಳೆಗಳ ಮೇಲಿನ ಸಣ್ಣ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ಗಟ್ಟಿಯಾಗುತ್ತದೆ, ಮತ್ತೆ ಹಿಂದಿನಂತಾಗುವುದಿಲ್ಲ. ಹತ್ತಿ ನೂಲು ಕರಾವಳಿಗೂ ಬಯಲುಸೀಮೆಗೂ ಹಿತವಾದದ್ದಾದರೂ ಅದಕ್ಕೆ ಚಿಮ್ಮುಗುಣ ಕಡಿಮೆ. ತೂಕಕ್ಕೆ ಜಗ್ಗಿ ಉದ್ದವಾಗುತ್ತದೆ, ಸಡಿಲವಾದ ಕೈಯ ದೋಷವೆಲ್ಲ ಅದರಲ್ಲಿ ಎದ್ದು ಕಾಣುತ್ತದೆ. ಹಾಸನದ ಚಳಿಗೆ, ಮೊದಲ ಪ್ರಯತ್ನಕ್ಕೆ, ಉಣ್ಣೆ ಬೆರೆತ ಅಕ್ರಿಲಿಕ್ ಸಾಕು.

ನಮ್ಮ ದಖನಿ ಕುರಿಯ ಉಣ್ಣೆಯಲ್ಲೇ ಸ್ವೆಟರ್ ಹೆಣೆಯಬಾರದೇಕೆ ಎಂದು ಇನ್ನೊಬ್ಬರು ಕೇಳಿದ್ದಾರೆ. ಆ ಉಣ್ಣೆಯ ಎಳೆ ಒರಟು. ಕುರುಬ ಸಮುದಾಯದವರು ನೇಯುವ ಕಂಬಳಿಗೆ ಬೇಕಾದ ಬಿಗಿ ಮತ್ತು ಬಾಳಿಕೆ ಅದರಿಂದಲೇ ಬರುತ್ತದೆ. ಕತ್ತಿಗೆ, ಕೈಗೆ ನೇರವಾಗಿ ತಾಗುವ ಉಡುಪಿಗೆ ಅದು ಚುಚ್ಚುತ್ತದೆ. ಚೀಲ, ಕೂರುವ ಆಸನ ಹೆಣೆಯಲು ಬಹಳ ಚೆನ್ನಾಗಿದೆ; ಕೈನೂಲು ಸಿಕ್ಕಿದರೆ ಖಂಡಿತ ಪ್ರಯತ್ನಿಸಿ.

ಪ್ರಶ್ನೆ: ಪುಸ್ತಕದಲ್ಲಿ 90 ಸೆಂಟಿಮೀಟರ್ ಎದೆಯಳತೆಗೆ ಬೆನ್ನಿನ ಭಾಗಕ್ಕೆ 110 ಕುಣಿಕೆ ಹಾಕಿ ಎಂದಿತ್ತು. ಅದೇ ದಪ್ಪದ ನೂಲು, ಅದೇ ಕಡ್ಡಿ ಬಳಸಿ ಅಷ್ಟೇ ಕುಣಿಕೆ ಹಾಕಿದೆ. ಆದರೂ ಸ್ವೆಟರ್ ಬಹಳ ದೊಡ್ಡದಾಯಿತು. ಕಾರಣವೇನು? ಸೀರೆಯ ಮೇಲೆ ತೊಡುವ ಸ್ವೆಟರಿಗೆ ಎಷ್ಟು ಸಡಿಲ ಬಿಡಬೇಕು?
— ಓದುಗರು, ಚಿಕ್ಕಮಗಳೂರು

ಉತ್ತರ: ಪುಸ್ತಕ ಬರೆದವರ ಕೈಯ ಬಿಗಿ ಬೇರೆ, ನಿಮ್ಮ ಕೈಯ ಬಿಗಿ ಬೇರೆ. ನೂಲು ಮತ್ತು ಕಡ್ಡಿ ಒಂದೇ ಆಗಿದ್ದರೂ ಇಬ್ಬರ ಕುಣಿಕೆಗಳು ಒಂದೇ ಗಾತ್ರದಲ್ಲಿ ಬರುವುದಿಲ್ಲ. ಒಂದು ನಿರ್ದಿಷ್ಟ ಅಗಲದಲ್ಲಿ ಎಷ್ಟು ಕುಣಿಕೆ, ನಿರ್ದಿಷ್ಟ ಎತ್ತರದಲ್ಲಿ ಎಷ್ಟು ಸಾಲು ಎಂಬುದೇ ಗೇಜ್. ಪುಸ್ತಕದ ಎಲ್ಲ ಸಂಖ್ಯೆಗಳೂ ಅದರ ಗೇಜಿನಿಂದ ಹುಟ್ಟಿದವು. ಗೇಜ್ ಹೊಂದದಿದ್ದರೆ ಉಳಿದ ಯಾವ ಸಂಖ್ಯೆಯೂ ನಿಮಗೆ ಅನ್ವಯಿಸುವುದಿಲ್ಲ.

ನಿಮ್ಮ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 90 ಸೆಂಟಿಮೀಟರ್ ಎದೆಗೆ 8 ಸೆಂಟಿಮೀಟರ್ ಸಡಿಲ ಸೇರಿಸಿದರೆ 98, ಅದರ ಅರ್ಧ 49. 10 ಸೆಂಟಿಮೀಟರಿಗೆ 22 ಕುಣಿಕೆ ಎಂದರೆ ಒಂದು ಸೆಂಟಿಮೀಟರಿಗೆ 2.2, 49ನ್ನು 2.2ರಿಂದ ಗುಣಿಸಿದರೆ 107.8, ಅಂದರೆ 108. ಎರಡು ಬದಿಯ ಹೊಲಿಗೆಗೆ ಒಂದೊಂದು ಸೇರಿಸಿ 110. ಎರಡು ಸೀದಾ ಎರಡು ಉಲ್ಟಾ ಬಾರ್ಡರಿಗೂ ಈ ಸಂಖ್ಯೆ ಸರಿಹೋಗುತ್ತದೆ, ಏಕೆಂದರೆ ಅದನ್ನು 4ರಿಂದ ಭಾಗಿಸಿದಾಗ 2 ಉಳಿಯುತ್ತದೆ. ಈಗ ನಿಮ್ಮ ಕೈ ಸ್ವಲ್ಪ ಸಡಿಲವಾಗಿದ್ದು 10 ಸೆಂಟಿಮೀಟರಿಗೆ 20 ಕುಣಿಕೆ ಮಾತ್ರ ಬಂದಿದೆ ಎಂದಿಟ್ಟುಕೊಳ್ಳಿ. ಹೊಲಿಗೆಯ ಎರಡು ಬಿಟ್ಟು 108 ಕುಣಿಕೆಗಳು 54 ಸೆಂಟಿಮೀಟರ್ ಆಗುತ್ತವೆ; ಹಿಂದೆ ಮುಂದೆ ಸೇರಿ ಸ್ವೆಟರಿನ ಸುತ್ತಳತೆ 108. ಬದಲಾಗಿ ಕೈ ಬಿಗಿಯಾಗಿ 24 ಕುಣಿಕೆ ಬಂದರೆ ಸುತ್ತಳತೆ 90ಕ್ಕೆ ಇಳಿದು ಸ್ವೆಟರ್ ಮೈಗೆ ಅಂಟಿಕೊಳ್ಳುತ್ತದೆ. 10 ಸೆಂಟಿಮೀಟರಿಗೆ ಎರಡು ಕುಣಿಕೆಗಳ ವ್ಯತ್ಯಾಸ ಕಣ್ಣಿಗೆ ಏನೇನೂ ಅಲ್ಲ ಎನಿಸುತ್ತದೆ. ಸ್ವೆಟರಿನ ಮೇಲೆ ಅದರ ಪರಿಣಾಮ ಇಷ್ಟು ದೊಡ್ಡದು. ಅರ್ಧ ಕುಣಿಕೆಯನ್ನು ಕೂಡ ಬಿಡದೆ ಎಣಿಸಬೇಕೆಂದು ಹೇಳುವುದು ಇದಕ್ಕಾಗಿಯೇ: 22ರ ಬದಲು 22.5 ಬಂದರೂ ಸುತ್ತಳತೆಯಲ್ಲಿ 2 ಸೆಂಟಿಮೀಟರ್ ಹೋಗುತ್ತದೆ.

ನಿಮ್ಮ ಗೇಜ್ ತಿಳಿಯಲು ಸ್ವೆಟರಿಗೆ ಮೊದಲು ಒಂದು ಮಾದರಿ ತುಂಡನ್ನು ಹೆಣೆದು ನೋಡಬೇಕು. ಅದರ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ತುಂಡು ಹೆಣೆದೂ ಲೆಕ್ಕ ತಪ್ಪಿದೆ ಎಂದು ಬರೆದವರು ಹಲವರಿದ್ದಾರೆ. 10 ಸೆಂಟಿಮೀಟರ್ ಅಳೆಯಬೇಕಾದರೆ 10 ಸೆಂಟಿಮೀಟರಿನ ತುಂಡು ಸಾಲದು. ಅಂಚಿನ ಕುಣಿಕೆಗಳು ಎಳೆದಂತೆ ಅಥವಾ ಸುರುಳಿಯಾಗಿ ಇರುವುದರಿಂದ ಅವನ್ನು ಅಳತೆಗೆ ಸೇರಿಸಬಾರದು. ಡಬಲ್ ನಿಟ್ಟಿಂಗ್ ನೂಲಾದರೆ 34 ಕುಣಿಕೆ ಹಾಕಿ, ಎರಡೂ ಅಂಚಿನ ನಾಲ್ಕು ನಾಲ್ಕು ಕುಣಿಕೆಗಳನ್ನು ಪ್ರತಿ ಸಾಲಿನಲ್ಲೂ ಸೀದಾ ಹೆಣೆಯುತ್ತ, ಸ್ವೆಟರಿಗೆ ಬಳಸುವ ಚಿತ್ತಾರದಲ್ಲಿಯೇ ಸುಮಾರು 42 ಸಾಲು ಮುಗಿಸಿ. ಬೇಸರದಿಂದ ಬಿಗಿಯಾಗಿ, ಎಚ್ಚರಿಕೆಯಿಂದ ಸಡಿಲವಾಗಿ ಹೆಣೆಯಬೇಡಿ; ಮಾತನಾಡುತ್ತ ಕುಳಿತಾಗ ನಿಮ್ಮ ಕೈ ಹೇಗೆ ಓಡುತ್ತದೆಯೋ ಹಾಗೆಯೇ ಹೆಣೆಯಿರಿ. ಆಮೇಲೆ ಆ ತುಂಡನ್ನು ಸ್ವೆಟರನ್ನು ಒಗೆಯುವ ರೀತಿಯಲ್ಲಿಯೇ ಒಗೆದು, ಟವೆಲಿನ ಮೇಲೆ ಎಳೆಯದೆ ಹರಡಿ ಒಣಗಿಸಿ. ಉಣ್ಣೆ ನೀರು ಕುಡಿದಾಗ ಕುಣಿಕೆಗಳು ಸಡಿಲಗೊಂಡು ತಮ್ಮ ನಿಜವಾದ ಅಗಲಕ್ಕೆ ಬರುತ್ತವೆ, ಹತ್ತಿ ಉದ್ದದಲ್ಲಿ ಕುಗ್ಗಬಹುದು. ಒಗೆಯದ ತುಂಡಿನ ಅಳತೆಯನ್ನು ನಂಬಿದವರ ಸ್ವೆಟರ್ ಮೊದಲ ಒಗೆತದಲ್ಲಿಯೇ ಬೇರೆ ಗಾತ್ರವಾಗುತ್ತದೆ. ಒಣಗಿದ ತುಂಡಿನ ನಡುವೆ, ಟೇಪಿನ ಬದಲು ಗಟ್ಟಿಯಾದ ಸ್ಕೇಲ್ ಇಟ್ಟು, 10 ಸೆಂಟಿಮೀಟರಿನ ಎರಡು ಕಡೆ ಗುಂಡುಪಿನ್ನು ಚುಚ್ಚಿ ನಡುವಿನ ಕುಣಿಕೆಗಳನ್ನು ಎಣಿಸಿ. ಬೇರೆ ಬೇರೆ ಜಾಗದಲ್ಲಿ ಎಣಿಸಿ ಸರಾಸರಿ ತೆಗೆದುಕೊಳ್ಳಿ.

ಪುಸ್ತಕಕ್ಕಿಂತ ಹೆಚ್ಚು ಕುಣಿಕೆ ಬಂದರೆ ಕೈ ಬಿಗಿಯೆಂದು ಅರ್ಥ, ದಪ್ಪ ಕಡ್ಡಿಗೆ ಬದಲಾಯಿಸಿ; ಕಡಿಮೆ ಬಂದರೆ ತೆಳು ಕಡ್ಡಿ ತೆಗೆದುಕೊಳ್ಳಿ. ಬಿಗಿಯಾಗಿ ಎಳೆದೋ ಸಡಿಲ ಬಿಟ್ಟೋ ಸರಿಪಡಿಸಲು ಹೋಗಬೇಡಿ; ನಾಲ್ಕು ಸಾಲು ಕಳೆಯುವುದರೊಳಗೆ ಕೈ ತನ್ನ ಅಭ್ಯಾಸಕ್ಕೆ ಮರಳುತ್ತದೆ. ಕುಣಿಕೆ ಹೊಂದಿ ಸಾಲು ಹೊಂದದಿದ್ದರೆ ಗಾಬರಿ ಬೇಡ. ಉದ್ದವನ್ನು ಸಾಲುಗಳಲ್ಲಿ ಎಣಿಸದೆ ಸೆಂಟಿಮೀಟರಿನಲ್ಲಿ ಅಳೆಯುತ್ತ ಹೋದರಾಯಿತು. ತೋಳಿನಲ್ಲಿ ಮಾತ್ರ ಎಷ್ಟು ಸಾಲಿಗೊಮ್ಮೆ ಕುಣಿಕೆ ಹೆಚ್ಚಿಸಬೇಕು ಎಂಬುದನ್ನು ನಿಮ್ಮ ಸಾಲಿನ ಗೇಜಿಗೆ ತಕ್ಕಂತೆ ಮತ್ತೆ ಹಂಚಿಕೊಳ್ಳಬೇಕು.

ಸೀರೆಯ ಮೇಲೆ ತೊಡುವ ಸ್ವೆಟರಿಗೆ ರವಿಕೆಯ ಅಳತೆಯನ್ನು ಆಧಾರವಾಗಿ ಇಟ್ಟುಕೊಳ್ಳಬೇಡಿ. ಸೀರೆ ಉಟ್ಟು, ಸೆರಗು ಹೊದ್ದ ಮೇಲೆ, ಅದರ ನೆರಿಗೆಗಳ ಮೇಲಿಂದಲೇ ಎದೆಯಳತೆ ತೆಗೆದುಕೊಂಡು ಅದಕ್ಕೆ 8ರಿಂದ 10 ಸೆಂಟಿಮೀಟರ್ ಸೇರಿಸಿ. ಸೆರಗು ಬರುವ ಹೆಗಲಿನ ತೋಳುಸುತ್ತಿಗೂ ಸ್ವಲ್ಪ ಆಳ ಬೇಕು. ಪಾಶ್ಚಾತ್ಯ ಮಾದರಿಗಳಲ್ಲಿ ಇದಕ್ಕೆ ಎಡೆ ಇರುವುದಿಲ್ಲ. ಮುಂದೆ ತೆರೆದ, ಗುಂಡಿಯ ಸ್ವೆಟರೇ ಸೀರೆಗೆ ಅನುಕೂಲ.

ಪ್ರಶ್ನೆ: ಅಮೆರಿಕದಲ್ಲಿರುವ ಮಗಳು ಕಳಿಸಿದ ಮಾದರಿಯಲ್ಲಿ 8ನೇ ನಂಬರಿನ ಕಡ್ಡಿ ಎಂದಿದೆ. ನನ್ನ ಬಳಿ ಇರುವ 8ನೇ ನಂಬರಿನಲ್ಲಿ ಹೆಣೆದರೆ ಬಟ್ಟೆ ಹಲಗೆಯಂತೆ ಗಟ್ಟಿಯಾಗುತ್ತಿದೆ.
— ಓದುಗರು, ಮೈಸೂರು

ಉತ್ತರ: ಎರಡೂ 8, ಆದರೆ ಒಂದೇ ಕಡ್ಡಿಯಲ್ಲ. ನಮ್ಮಲ್ಲಿ ಬಳಕೆಯಲ್ಲಿರುವ ಇಂಗ್ಲೆಂಡಿನ ಹಳೆಯ ಕ್ರಮದಲ್ಲಿ ನಂಬರ್ ಹೆಚ್ಚಾದಂತೆ ಕಡ್ಡಿ ತೆಳುವಾಗುತ್ತದೆ: 8 ಎಂದರೆ 4 ಮಿಲಿಮೀಟರ್, 10 ಎಂದರೆ 3.25, 12 ಎಂದರೆ 2.75. ಅಮೆರಿಕದ ಕ್ರಮದಲ್ಲಿ ನಂಬರ್ ಹೆಚ್ಚಾದಂತೆ ಕಡ್ಡಿ ದಪ್ಪವಾಗುತ್ತದೆ. ಅಲ್ಲಿಯ 8 ಎಂದರೆ 5 ಮಿಲಿಮೀಟರ್, ನಮ್ಮ 6ನೇ ನಂಬರಿಗೆ ಸಮ. ನಂಬರನ್ನು ಮರೆತು ಮಿಲಿಮೀಟರನ್ನೇ ನೋಡಿ. ಅಲ್ಲಿಯ ಮಾದರಿಗಳಲ್ಲಿ ಗೇಜನ್ನು 4 ಇಂಚಿಗೆ ಕೊಟ್ಟಿರುತ್ತಾರೆ. ಅದನ್ನು 10 ಸೆಂಟಿಮೀಟರ್ ಎಂದೇ ಭಾವಿಸಬಹುದು.

ಪ್ರಶ್ನೆ: ಒಂದು ಸ್ವೆಟರಿಗೆ ಎಷ್ಟು ನೂಲು ಬೇಕೆಂದು ಮೊದಲೇ ತಿಳಿಯುವುದು ಹೇಗೆ? ಮಾದರಿಯಲ್ಲಿ 50 ಗ್ರಾಮಿನ 8 ಉಂಡೆ ಎಂದಿತ್ತು. ಹತ್ತಿ ನೂಲಿನಲ್ಲಿ ಅಷ್ಟೇ ಕೊಂಡೆ, ಒಂದು ತೋಳಿಗೆ ಸಾಲಲಿಲ್ಲ.
— ಓದುಗರು, ಬೆಂಗಳೂರು

ಉತ್ತರ: ಒಂದು ನೂಲಿನ ಬದಲು ಇನ್ನೊಂದು ನೂಲನ್ನು ಬಳಸುವಾಗ ತೂಕವನ್ನು ಹೋಲಿಸಬಾರದು, ಉದ್ದವನ್ನು ಹೋಲಿಸಬೇಕು. ಕುಣಿಕೆಯಾಗುವುದು ನೂಲಿನ ಉದ್ದವೇ ಹೊರತು ತೂಕವಲ್ಲ, ಮತ್ತು ಒಂದೇ ದಪ್ಪದ ಹತ್ತಿ ನೂಲು ಉಣ್ಣೆಗಿಂತ, ಅಕ್ರಿಲಿಕ್‌ಗಿಂತ ಭಾರ. ಮಾದರಿಯ ಉಂಡೆಯಲ್ಲಿ 115 ಮೀಟರ್ ಇದ್ದರೆ 8 ಉಂಡೆಗೆ 920 ಮೀಟರ್. ನೀವು ಕೊಂಡ ಹತ್ತಿಯ ಉಂಡೆಯಲ್ಲಿ 85 ಮೀಟರ್ ಇದ್ದರೆ 920ನ್ನು 85ರಿಂದ ಭಾಗಿಸಿ, 10.8 ಬರುತ್ತದೆ, 11 ಉಂಡೆ ಬೇಕಿತ್ತು. ಲೇಬಲಿನ ಮೇಲೆ ಉದ್ದ ಇಲ್ಲದಿದ್ದರೆ 10 ಮೀಟರ್ ನೂಲನ್ನು ಅಳೆದು, ಗ್ರಾಮಿನ ಹತ್ತನೇ ಒಂದು ಭಾಗವನ್ನೂ ತೋರಿಸುವ ತಕ್ಕಡಿಯಲ್ಲಿ ತೂಗಿ ನೋಡಿ. ಅದು 4.5 ಗ್ರಾಂ ಇದ್ದರೆ 100 ಗ್ರಾಮಿನಲ್ಲಿ ಸುಮಾರು 222 ಮೀಟರ್ ಇದೆ ಎಂದು ಅರ್ಥ.

ಮಾದರಿಯೇ ಇಲ್ಲದೆ ನೀವೇ ಅಳತೆ ಹಾಕಿ ಹೆಣೆಯುವುದಾದರೆ, ಗೇಜಿಗಾಗಿ ಹೆಣೆದ ತುಂಡೇ ಇಲ್ಲಿಯೂ ನೆರವಾಗುತ್ತದೆ. ನಿಮ್ಮ ತುಂಡು 15 ಸೆಂಟಿಮೀಟರ್ ಅಗಲ, 15 ಸೆಂಟಿಮೀಟರ್ ಎತ್ತರ ಇದ್ದು 8 ಗ್ರಾಂ ತೂಗುತ್ತದೆ ಎನ್ನೋಣ. ಅಂದರೆ 225 ಚದರ ಸೆಂಟಿಮೀಟರಿಗೆ 8 ಗ್ರಾಂ. ಸ್ವೆಟರಿನ ಮೈಭಾಗದ ಸುತ್ತಳತೆ 98, ಉದ್ದ 60 ಆದರೆ 5,880 ಚದರ ಸೆಂಟಿಮೀಟರ್. ತೋಳು ಮಣಿಕಟ್ಟಿನಲ್ಲಿ 24, ಮೇಲೆ 36 ಇದ್ದರೆ ಸರಾಸರಿ ಅಗಲ 30; ಉದ್ದ 44 ಆದರೆ ಒಂದು ತೋಳಿಗೆ 1,320, ಎರಡಕ್ಕೆ 2,640. ಒಟ್ಟು 8,520. ಇದನ್ನು 8ರಿಂದ ಗುಣಿಸಿ 225ರಿಂದ ಭಾಗಿಸಿದರೆ 303 ಗ್ರಾಂ. ಕತ್ತು ಮತ್ತು ತೋಳುಸುತ್ತಿನಲ್ಲಿ ಬಿಟ್ಟುಹೋಗುವ ಜಾಗವನ್ನು ಕಳೆಯಬೇಡಿ, ಅದು ಹೊಲಿಗೆಗೂ ಕತ್ತುಪಟ್ಟಿಗೂ ಸರಿಹೋಗುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ಅರ್ಧ ಗ್ರಾಮಿನ ವ್ಯತ್ಯಾಸ ಸಹಜವಾದ್ದರಿಂದ 15 ಪ್ರತಿಶತ ಹೆಚ್ಚು ಹಿಡಿಯಿರಿ. 348 ಗ್ರಾಂ ಆಗುತ್ತದೆ. 50 ಗ್ರಾಮಿನ 7 ಉಂಡೆಗೆ ಇದು ತೀರ ಅಂಚಿನಲ್ಲಿದೆ, 8 ಕೊಳ್ಳಿ. ಜಡೆ ಚಿತ್ತಾರವಿದ್ದರೆ ಕುಣಿಕೆಗಳು ಒಂದರ ಮೇಲೊಂದು ಹಾಯುವುದರಿಂದ ನೂಲು ಇನ್ನೂ ಹೆಚ್ಚು ಹಿಡಿಯುತ್ತದೆ. ಆಗ ತುಂಡನ್ನೂ ಜಡೆಯಲ್ಲೇ ಹೆಣೆದು ತೂಗಬೇಕು.

ನಾನು ಇದಕ್ಕಿಂತ ಹೆಚ್ಚು ನೆಚ್ಚುವ ಇನ್ನೊಂದು ದಾರಿ ಇದೆ. ಮೊದಲ ಉಂಡೆ ಪೂರ್ತಿ ಮುಗಿಯುವವರೆಗೆ ಬೆನ್ನಿನ ಭಾಗವನ್ನು ಹೆಣೆದು ಎಷ್ಟು ಎತ್ತರ ಬಂದಿದೆ ಎಂದು ಅಳೆಯಿರಿ. ಮೇಲಿನ ಲೆಕ್ಕದಂತೆ 49 ಸೆಂಟಿಮೀಟರ್ ಅಗಲದಲ್ಲಿ 50 ಗ್ರಾಂ ನೂಲು 28 ಸೆಂಟಿಮೀಟರಿಗೂ ಸ್ವಲ್ಪ ಹೆಚ್ಚು ಎತ್ತರ ಕೊಡಬೇಕು. 25 ಮಾತ್ರ ಬಂದಿದ್ದರೆ ಅಂಗಡಿಯಲ್ಲಿ ಅದೇ ಲಾಟಿನ, ಅಂದರೆ ಒಂದೇ ಬಾರಿಗೆ ಬಣ್ಣ ಹಾಕಿದ, ನೂಲು ಇರುವಾಗಲೇ ಹೋಗಿ ಮತ್ತೊಂದು ಉಂಡೆ ತನ್ನಿ. ಬಣ್ಣದ ಹೆಸರು ಒಂದೇ ಇದ್ದರೂ ಬೇರೆ ಬೇರೆ ದಿನ ಬಣ್ಣದ ತೊಟ್ಟಿಯಲ್ಲಿ ಅದ್ದಿದ ನೂಲುಗಳ ಛಾಯೆಯಲ್ಲಿ ಸಣ್ಣ ವ್ಯತ್ಯಾಸ ಇರುತ್ತದೆ. ಎಲ್ಲ ಉಂಡೆಗಳ ಲಾಟ್ ಸಂಖ್ಯೆಯನ್ನು ಕೊಳ್ಳುವಾಗಲೇ ನೋಡಬೇಕು.

ಪ್ರಶ್ನೆ: ಮಗಳ ಬಾಣಂತನಕ್ಕೆ ಕುಲಾವಿ ಹೆಣೆಯಬೇಕೆಂದಿದ್ದೇನೆ. ಮನೆಯಲ್ಲಿರುವ ಹಳೆಯ ಸ್ವೆಟರ್ ಬಿಚ್ಚಿ ಆ ನೂಲನ್ನೇ ಬಳಸಬಹುದೆ?
— ಓದುಗರು, ದಾವಣಗೆರೆ

ಉತ್ತರ: ಮೊದಲು ಸ್ವೆಟರಿನ ಒಳಬದಿಯ ಹೊಲಿಗೆಯನ್ನು ನೋಡಿ. ಕೈಯಲ್ಲಿ ಹೆಣೆದು ಜೋಡಿಸಿದ್ದಾದರೆ ನೂಲು ಒಂದೇ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಬಟ್ಟೆಯನ್ನು ಕತ್ತರಿಸಿ ಓವರ್‌ಲಾಕ್ ಹಾಕಿ ಹೊಲಿದ ಸ್ವೆಟರಾದರೆ ಪ್ರತಿ ಸಾಲೂ ತುಂಡಾಗಿ ಬರುತ್ತದೆ, ಉಪಯೋಗವಿಲ್ಲ. ಬಿಚ್ಚಿದ ನೂಲನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ನೆನೆಸಿ ಜಾಲಿಸಿ, ಕೆಳಗೆ ಹಗುರವಾದ ಭಾರ ಕಟ್ಟಿ ನೆರಳಿನಲ್ಲಿ ಒಣಹಾಕಿ. ಉಣ್ಣೆಯ ಸುರುಳಿ ಬಹಳಮಟ್ಟಿಗೆ ಹೋಗುತ್ತದೆ, ಅಕ್ರಿಲಿಕ್‌ನದು ಅಷ್ಟಾಗಿ ಹೋಗುವುದಿಲ್ಲ. ಸುರುಳಿ ಇರುವ ನೂಲಿನಲ್ಲಿ ಗೇಜ್ ತೆಗೆಯಬೇಡಿ.

ಎಳೆಗೂಸಿಗೆ ಮಾತ್ರ, ಹಳೆಯ ನೂಲು ಕೆನ್ನೆಗೆ ಒತ್ತಿಕೊಂಡಾಗ ನಿಮಗೇ ಮೆತ್ತಗೆ ಎನಿಸಿದರೆ ಬಳಸಿ, ಇಲ್ಲದಿದ್ದರೆ ಹೊಸದನ್ನೇ ಕೊಳ್ಳಿ. ರೋಮ ಉದುರುವ ನೂಲು ಬೇಡ. ಬೆರಳು ಸಿಕ್ಕಿಕೊಳ್ಳುವಂಥ ದೊಡ್ಡ ತೂತಿನ ಚಿತ್ತಾರ ಬೇಡ. ಕತ್ತಿನ ಸುತ್ತ ಬರುವ ಉದ್ದನೆಯ ದಾರವೂ ಬೇಡ. ಕುಲಾವಿಯನ್ನು ಹೊರಗೆ ಕರೆದೊಯ್ಯುವಾಗ ಹಾಕಿ, ಮನೆಯೊಳಗೆ ಮಲಗಿಸುವಾಗ ತೆಗೆದುಬಿಡಿ. ಮಗು ನಿದ್ದೆಯಲ್ಲಿ ಅತಿಯಾಗಿ ಬಿಸಿಯಾಗಬಾರದು. ಮೂರು ತಿಂಗಳ ಮಗುವಿನ ತಲೆಯ ಸುತ್ತಳತೆ ಸುಮಾರು 40 ಸೆಂಟಿಮೀಟರ್. ಸ್ವೆಟರಿಗೆ ಸಡಿಲ ಸೇರಿಸಿದಂತೆ ಇಲ್ಲಿ ಸೇರಿಸಬಾರದು, ಹತ್ತನೇ ಒಂದು ಭಾಗ ಕಳೆಯಬೇಕು, ಆಗಲೇ ಕುಲಾವಿ ತಲೆಯಲ್ಲಿ ನಿಲ್ಲುವುದು. 36 ಸೆಂಟಿಮೀಟರಿಗೆ, 4 ಪ್ಲೈ ನೂಲಿನ 2.8ರಂತೆ, 100 ಕುಣಿಕೆ; ಎರಡು ಕಡ್ಡಿಯಲ್ಲಿ ಹೆಣೆದು ಹಿಂದೆ ಹೊಲಿಯುವುದಾದರೆ 102.

ಪ್ರಶ್ನೆ: ಮೈಭಾಗ ಮತ್ತು ಒಂದು ತೋಳು ಮುಗಿದಿದೆ, ನೂಲು ಮುಗಿಯುತ್ತ ಬಂದಿದೆ, ಅದೇ ಲಾಟ್ ಎಲ್ಲೂ ಸಿಗುತ್ತಿಲ್ಲ.
— ಓದುಗರು, ಶಿರಸಿ

ಉತ್ತರ: ಮುಗಿದ ತೋಳನ್ನು ಪೂರ್ತಿ ಬಿಚ್ಚಿ. ಎರಡು ತೋಳುಗಳೂ ಒಂದೇ ಉದ್ದ ಬರುವುದಕ್ಕಾಗಿ, ಬಿಚ್ಚಿದ ನೂಲನ್ನೂ ಉಳಿದ ನೂಲನ್ನೂ ಸೇರಿಸಿ ತೂಗಿ ಸಮನಾಗಿ ಎರಡು ಉಂಡೆ ಮಾಡಿಕೊಳ್ಳಿ. ಬೇರೆ ಲಾಟಿನ ನೂಲು ಸಿಕ್ಕಿದರೆ ಒಮ್ಮೆಗೇ ಬದಲಾಯಿಸಬೇಡಿ. ಹತ್ತು ಹನ್ನೆರಡು ಸಾಲುಗಳಷ್ಟು ಹಳೆಯದು ಎರಡು ಸಾಲು, ಹೊಸದು ಎರಡು ಸಾಲು ಹೆಣೆದ ಮೇಲೆ ಹೊಸದಕ್ಕೆ ಹೋದರೆ ಛಾಯೆಯ ಗೆರೆ ಕಾಣುವುದಿಲ್ಲ. ಹತ್ತಿರದ ಬಣ್ಣವೂ ಸಿಗದಿದ್ದರೆ ಪೂರ್ತಿ ಬೇರೆಯದೇ ಬಣ್ಣ ತಂದು ಎರಡೂ ಮಣಿಕಟ್ಟಿನ ಬಾರ್ಡರ್, ಕತ್ತುಪಟ್ಟಿ ಮತ್ತು ಗುಂಡಿಪಟ್ಟಿಗೆ ಬಳಸಿ. ಮೂರೂ ಕಡೆ ಬಂದಾಗ ಅದು ಬೇಕೆಂದೇ ಮಾಡಿದ್ದಾಗಿ ಕಾಣುತ್ತದೆ. ಮುಂದಿನ ಸ್ವೆಟರಿಗೆ ಬೆನ್ನಿನ ಭಾಗ ಮುಗಿದ ಕೂಡಲೇ ಎರಡು ತೋಳುಗಳನ್ನು ಒಂದೇ ಕಡ್ಡಿಯ ಮೇಲೆ ಎರಡು ಉಂಡೆಗಳಿಂದ ಒಟ್ಟಿಗೆ ಹೆಣೆಯಿರಿ, ಮುಂಭಾಗವನ್ನು ಕೊನೆಗೆ ಇಟ್ಟುಕೊಳ್ಳಿ. ನೂಲು ಕಡಿಮೆ ಬಿದ್ದರೆ ಮುಂಭಾಗದಲ್ಲಿ ಒಂದು ಪಟ್ಟೆ ಸೇರಿಸುವುದು ತೋಳು ಬಿಚ್ಚುವುದಕ್ಕಿಂತ ಸುಲಭ.